ಮೊದಲು ಆಣೆ, ಆಮೇಲೆ ಹೆಸರು

ಇದನ್ನು ಬರೆಯಲು ಕೂತಾಗಲೆಲ್ಲ ನನಗೆ ಬೇರೆ ಏನಾದರೂ ಕೆಲಸ ನೆನಪಾಗುತ್ತಿತ್ತು. ಗ್ಯಾಸ್ ಬುಕ್ ಮಾಡಬೇಕು, ಮಾತ್ರೆ ತರಬೇಕು, ಮೇಲಿನ ಮನೆಯವರಿಗೆ ಮೋಟಾರ್ ಹಾಕಬೇಕು. ಹಾಗೆ ಮುಂದೂಡುತ್ತ ವರ್ಷಗಳು ಹೋದವು. ಈಗ ನಾನು ಪಕ್ಷದ ಕಚೇರಿಗೆ ಹೋಗುವುದಿಲ್ಲ, ಅಲ್ಲಿಂದ ಯಾರೂ ಕರೆಯುವುದೂ ಇಲ್ಲ. ನೆಪಗಳು ಮುಗಿದಿವೆ, ಬರೆಯುತ್ತೇನೆ.

ನಮ್ಮ ಪುರಸಭೆ ಎಲೆಕ್ಟ್ರಾನಿಕ್ ಸಿಟಿ ದಾಟಿದ ಮೇಲೆ ಕಾರ್ಖಾನೆಗಳ ಬೆನ್ನಿಗೆ ಅಂಟಿಕೊಂಡಿದೆ. ಒಂದು ಕಡೆ ಹಳೇ ಊರು. ಅಲ್ಲಿರುವವರು ನಾವು; ನಮ್ಮ ತಾತಂದಿರು ರಾಗಿ ಬೆಳೆದ ಹೊಲದಲ್ಲಿ ಸಾಲು ಕೋಣೆ ಕಟ್ಟಿಸಿ ಬಾಡಿಗೆ ತಿನ್ನುವವರು. ಇನ್ನೊಂದು ಕಡೆ ಆ ಬಾಡಿಗೆ ಕೊಡುವವರು, ಕೊಪ್ಪಳ, ಗದಗ, ರಾಯಚೂರು ಕಡೆಯಿಂದ ಬಂದು ಗಾರೆ ಕೆಲಸಕ್ಕೋ ಕಾರ್ಖಾನೆಗೋ ಹೋಗುವವರು. ನಾವು ಅವರನ್ನು ‘ಆ ಕಡೆಯೋರು’ ಎನ್ನುತ್ತಿದ್ದೆವು. ಅವರು ನಮ್ಮನ್ನು ಓನರ್ ಎನ್ನುತ್ತಿದ್ದರು. ಓಟು ಬಂದಾಗ ಮಾತ್ರ ಇಬ್ಬರೂ ಒಂದೇ ಪಕ್ಷ.

ನಾನು ಆ ಪಕ್ಷದ ಬ್ಲಾಕ್ ಕಚೇರಿಯ ಕಾರ್ಯದರ್ಶಿ. ಎಸ್ಸೆಸ್ಸೆಲ್ಸಿ ಓದಿದವನು. ಭಾಷಣಕ್ಕೆ ನನ್ನನ್ನು ಯಾರೂ ಕರೆಯುತ್ತಿರಲಿಲ್ಲ, ಆದರೆ ಸಭೆ ಕರೆಯುವುದು, ಕಾಗದ ಬರೆಯುವುದು, ಮುನಿದವರ ಮನೆಗೆ ಹೋಗಿ ಕಾಫಿ ಕುಡಿದು ಬರುವುದು ನನ್ನ ಕೆಲಸ.

ಆ ಸಲ ಇಪ್ಪತ್ತಮೂರು ವಾರ್ಡಿನಲ್ಲಿ ಹದಿಮೂರು ನಮಗೆ ಬಂದವು. ಶಾಸಕರಿಗೂ ಸಂಸದರಿಗೂ ಅಧ್ಯಕ್ಷರ ಆಯ್ಕೆಯಲ್ಲಿ ಕೈ ಎತ್ತುವ ಹಕ್ಕುಂಟು. ಶಾಸಕರು ನಮ್ಮವರು, ಸಂಸದರು ಎದುರು ಪಕ್ಷದವರು, ಒಂದಕ್ಕೊಂದು ಹೊಡೆದುಹೋಗುತ್ತಿತ್ತು. ಹಾಗಾಗಿ ಬಹುಮತ ನಮ್ಮದೇ, ಆದರೆ ಇಬ್ಬರು ಜಾರಿದರೂ ಮುಗಿಯಿತು. ಅಧ್ಯಕ್ಷ ಸ್ಥಾನ ಸಾಮಾನ್ಯ ಮಹಿಳೆಗೆ ಮೀಸಲಾಗಿ ಬಂತು. ಪಟ್ಟಿ ಹೊರಬಿದ್ದ ದಿನವೇ ಪಕ್ಷ ಎರಡಾಯಿತು.

ಹಳೇ ಊರಿನ ಬಣದ ಅಭ್ಯರ್ಥಿ ದೊಡ್ಡಮನೆಯ ಸೊಸೆ. ಮೆತ್ತಗಿನ ಹೆಂಗಸು. ಆಕೆಯ ಪರವಾಗಿ ಮಾತಾಡುತ್ತಿದ್ದವರು ಭಾವ, ಅಂದರೆ ಆ ಮನೆಯ ಯಜಮಾನ. ಮೂರು ಬೀದಿಯ ವಠಾರಗಳು ಅವರವೇ. ಎದುರು ಬಣದ ಅಭ್ಯರ್ಥಿ ಕಾರ್ಮಿಕರ ವಾರ್ಡಿನ ಸದಸ್ಯೆ. ಗಾರೆ ಕೆಲಸಕ್ಕೆ ಕಲ್ಲು ಹೊರಲು ಬಂದು, ಗಾರ್ಮೆಂಟ್ಸಿನಲ್ಲಿ ಹೊಲಿದು, ಕೊನೆಗೆ ಖಾನಾವಳಿ ಇಟ್ಟ ಹೆಂಗಸು. ಯಜಮಾನರ ಕಟ್ಟಡದಲ್ಲೇ ಬಾಡಿಗೆಗಿದ್ದರು. ಇವರ ಬೆನ್ನಿಗೆ ನಮ್ಮ ಬ್ಲಾಕ್ ಅಧ್ಯಕ್ಷರು ನಿಂತಿದ್ದರು. ಅವರು ಹಳೇ ಯೂನಿಯನ್ ಲೀಡರ್. ಆಕೆಯ ಮೇಲಿನ ಪ್ರೀತಿಗಿಂತ ಯಜಮಾನರ ಮೇಲಿನ ಹಗೆ ದೊಡ್ಡದಾಗಿತ್ತು.

ಆಕೆ ಅಧ್ಯಕ್ಷೆಯಾಗಬೇಕೆಂದು ಹಟ ಹಿಡಿದಿದ್ದಕ್ಕೆ ಕಾರಣ ಒಂದೇ, ನೀರು. ಹಳೇ ಊರಿನವರೆಗೆ ಬಂದ ಕಾವೇರಿ ಕೊಳವೆ ಮೋರಿಯ ಈಚೆ ದಡದಲ್ಲಿ ನಿಂತಿತ್ತು. ಆಚೆ ದಡದಲ್ಲಿ ಆಕೆಯ ವಾರ್ಡು. ಅಲ್ಲಿಗೆ ಟ್ಯಾಂಕರ್ ಬರುತ್ತಿತ್ತು, ಟ್ಯಾಂಕರೂ ಯಜಮಾನರ ಅಳಿಯನದೇ. ಕೊಳವೆ ಮೋರಿ ದಾಟಿಸುತ್ತೇನೆ ಎಂದು ಮನೆಮನೆಗೆ ಹೇಳಿ ಆಕೆ ಗೆದ್ದಿದ್ದರು. ಸದಸ್ಯೆಯಾಗಿ ಕೇಳಿದರೆ ಆ ಕಡತ ಮೇಜಿನಿಂದ ಮೇಲೇಳುವುದಿಲ್ಲ ಎಂದು ಆಕೆಗೆ ಗೊತ್ತಿತ್ತು.

ನನ್ನದೂ ಒಂದು ಹಗೆ ಇತ್ತು, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಹಿಂದಿನ ಬೇಸಿಗೆಯಲ್ಲಿ ಆಕೆ ತನ್ನ ವಾರ್ಡಿನ ಹೆಂಗಸರನ್ನು ಕರೆತಂದು, ಖಾಲಿ ಕೊಡ ಇಟ್ಟುಕೊಂಡು, ನಮ್ಮದೇ ಪಕ್ಷದ ಕಚೇರಿ ಬಾಗಿಲಲ್ಲಿ ಕೂತರು. ಒಳಗೆ ಶಾಸಕರಿದ್ದರು. ಹೊರಗೆ ಬರಲಾಗದೆ ಅವರು ಎಲ್ಲರ ಮುಂದೆ ನನಗೆ, “ಒಂದು ಬಾಗಿಲು ಕಾಯಕ್ಕಾಗಲ್ಲ ನಿನ್ನ ಕೈಲಿ” ಎಂದರು. ನಾನು ಆಕೆಯ ಬಳಿ ನಗುತ್ತಲೇ ಮಾತಾಡಿ ಕಳಿಸಿದೆ. ಆಕೆ ಅದನ್ನು ಒಳ್ಳೆಯತನ ಎಂದು ತಿಳಿದರು. ಅವತ್ತಿನಿಂದ ನನ್ನನ್ನು ಅಣ್ಣಾರ ಎಂದು ಕರೆಯತೊಡಗಿದರು.

ಮೊದಲ ಸಭೆ ಕಚೇರಿಯಲ್ಲೇ ನಡೆಯಿತು. ಕುರ್ಚಿಗಳನ್ನು ನಾನು ದುಂಡಗೆ ಹಾಕಿಸಿದ್ದೆ. ಬಂದವರು ಎಳೆದುಕೊಂಡು ಎರಡು ಸಾಲು ಮಾಡಿಕೊಂಡರು. ಶಾಸಕರು ಒಮ್ಮತ ಎಂಬ ಮಾತನ್ನು ನಾಲ್ಕು ಸಲ ಆಡಿದರು. ಐದನೇ ಸಲಕ್ಕೆ ಯಜಮಾನರು ಎದ್ದರು.

“ನಮ್ ವಠಾರದಾಗೆ ಬಾಡಿಗೆಗಿರೋಳು ನಾಳೆ ನಂಗೇ ನೋಟಿಸ್ ಕೊಡ್ತಾಳೆ. ಅದನ್ನ ನೋಡಕ್ಕೆ ಈ ಪಕ್ಷದ ಬಾವುಟ ಕಟ್ಟಿದ್ನಾ ನಾನು?”

“ಬಾಡಿಗೆಯೋರ ಓಟು ಬೇಕು, ಬಾಡಿಗೆಯೋರ ಕೈಗೆ ಕುರ್ಚಿ ಬ್ಯಾಡ,” ಎಂದರು ಬ್ಲಾಕ್ ಅಧ್ಯಕ್ಷರು. “ಚೆನ್ನಾಗೈತೆ ಕಣಯ್ಯ ನಿನ್ನ ನ್ಯಾಯ.”

ಆಕೆ ಕೂತಲ್ಲಿಂದಲೇ ಹೇಳಿದರು: “ಯಜಮಾನ್ರ, ನಾ ಒಂದ ತಿಂಗಳರ ಬಾಡಿಗಿ ನಿಲ್ಲಿಸೇನೇನ್ರಿ? ಖೋಲಿ ನಿಮ್ಮದು, ಒಪ್ಪಿದೆ. ಕುರ್ಚಿ ಪುರಸಭೆದು.”

ಯಜಮಾನರ ಕಡೆಯ ಒಬ್ಬ ಸದಸ್ಯ, ರೊಟ್ಟಿ ತಟ್ಟೋ ಕೈಗೆ ಸೀಲು ಕೊಟ್ರೆ ಸೀಲಿಗೂ ಹಿಟ್ಟು ಮೆತ್ತುತ್ತೆ ಎಂದ. ಆ ಸಾಲಿನವರೆಲ್ಲ ನಕ್ಕರು. ಬ್ಲಾಕ್ ಅಧ್ಯಕ್ಷರು ಅವನ ಮೇಲೆ ನೀರಿನ ಬಾಟಲಿ ಎಸೆದರು. ಅದು ಗೋಡೆಯ ಮೇಲಿದ್ದ ನಾಯಕರ ಫೋಟೋಗೆ ಬಿತ್ತು. ಗಾಜು ಗುಡಿಸಿದ್ದು ನಾನೇ.

ಜಗಳ ಬೀದಿಗೆ ಬಂತು. ಯಜಮಾನರ ಹುಡುಗರು ಆಕೆಯ ಖಾನಾವಳಿಯ ಫ್ಲೆಕ್ಸ್ ಹರಿದರು. ಮರುದಿನ ದೊಡ್ಡಮನೆಯ ಗೇಟಿನ ಮುಂದೆ ಯಾರೋ ಚರಂಡಿ ಹೂಳು ಸುರಿದರು. ಎದುರು ಪಕ್ಷದವರು ಎರಡೂ ಬಣಕ್ಕೆ ಫೋನು ಮಾಡಲು ಶುರು ಮಾಡಿದರು. ಶಾಸಕರು ನನ್ನನ್ನು ಕರೆದು, ಹದಿಮೂರು ಜನರನ್ನೂ ಊರಿನಿಂದ ಹೊರಗೆ ಕರೆದುಕೊಂಡು ಹೋಗು, ಜಿಲ್ಲೆಯಿಂದ ವೀಕ್ಷಕರು ಅಲ್ಲಿಗೇ ಬರುತ್ತಾರೆ ಎಂದರು.

ಕನಕಪುರ ದಾಟಿ ಒಂದು ರೆಸಾರ್ಟ್. ಈ ಕೆಲಸ ನನಗೆ ಹೊಸದಲ್ಲ. ಕೋಣೆ ಹಂಚುವುದರಲ್ಲಿ ಒಂದು ಲೆಕ್ಕವಿದೆ: ಒಂದೇ ಬಣದವರನ್ನು ಒಂದೇ ಕೋಣೆಗೆ ಹಾಕಿದರೆ ರಾತ್ರಿಯಿಡೀ ಸಂಚು, ಬೇರೆ ಬೇರೆ ಬಣದವರನ್ನು ಹಾಕಿದರೆ ಹೊಡೆದಾಟ. ಯಾವ ಬಣದಲ್ಲಿದ್ದೇನೆಂದು ತನಗೇ ಗೊತ್ತಿಲ್ಲದವನನ್ನು ಮಧ್ಯೆ ಹಾಕಬೇಕು. ಬಸ್ಸು ಇಳಿಯುತ್ತಿದ್ದಂತೆ ಫೋನುಗಳನ್ನು ಬುಟ್ಟಿಯಲ್ಲಿ ಸಂಗ್ರಹಿಸಿದೆ. ಕಿರಿಯ ಸದಸ್ಯನೊಬ್ಬ ಎರಡನೇ ಫೋನನ್ನು ಕಾಲುಚೀಲದಲ್ಲಿ ಇಟ್ಟಿದ್ದ, ಅದನ್ನೂ ಕಸಿದೆ.

ಮಹಿಳಾ ಸದಸ್ಯರ ಜೊತೆ ಅವರ ಗಂಡಂದಿರೂ ಬಂದಿದ್ದರು. ನಮ್ಮಲ್ಲಿ ಇದು ರೂಢಿ. ಸದಸ್ಯೆ ಹೆಂಡತಿ, ಸಭೆಗೆ ಹೋಗುವುದು ಗಂಡ, ವಿಸಿಟಿಂಗ್ ಕಾರ್ಡಿನಲ್ಲಿ ಫೋಟೋ ಗಂಡನದು. ಆಕೆಯೊಬ್ಬರೇ ಒಂಟಿಯಾಗಿ ಬಂದದ್ದು. ಗಂಡ ಬಹಳ ಹಿಂದೆಯೇ ಕಟ್ಟಡದ ಸೆಂಟ್ರಿಂಗ್ ಕುಸಿದು ತೀರಿಕೊಂಡಿದ್ದ. ಊಟಕ್ಕೆ ಕೂತಾಗ ಯಜಮಾನರ ಕಡೆಯವರು ಆಕೆಯ ಮೇಜಿಗೆ ಬರಲಿಲ್ಲ. ಮುದ್ದೆ ಬಂದಾಗ ಒಬ್ಬ, “ಆ ಕಡೆಯೋರಿಗೆ ನುಂಗಕ್ಕೆ ಬರಲ್ಲ, ರೊಟ್ಟಿ ತರ್ಸ್ರಪ್ಪ” ಎಂದು ಕೂಗಿದ. ಆಕೆ ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿ ತೋರಿಸಿದರು.

ಮಧ್ಯಾಹ್ನ ವೀಕ್ಷಕರು ಬಂದರು. ಕರಾವಳಿ ಕಡೆಯ ಹಿರಿಯ ಹೆಂಗಸು, ಯಾವ ಬಣದ ಕಾರಿನಲ್ಲೂ ಬರದೆ ತಾವೇ ಬಾಡಿಗೆ ಕಾರಿನಲ್ಲಿ ಬಂದಿದ್ದರು. ಒಬ್ಬೊಬ್ಬರನ್ನೇ ಕೋಣೆಗೆ ಕರೆದು ಅಭಿಪ್ರಾಯ ಕೇಳುವುದು ಪದ್ಧತಿ. ಸದಸ್ಯರ ಪರಿಚಯ ಅವರಿಗಿಲ್ಲ, ಹಾಗಾಗಿ ಗುರುತು ಹೇಳಲು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಮೊದಲ ಸದಸ್ಯೆಯ ಜೊತೆ ಗಂಡನೂ ಒಳಗೆ ಬಂದ. ಅವಳಿಗೇನು ಗೊತ್ತಾಗುತ್ತೆ ಮೇಡಂ, ನಾನೇ ಹೇಳ್ತೀನಿ ಎಂದ.

“ಸದಸ್ಯರು ಅವರೋ ನೀವೋ ಮಾರಾಯ್ರೇ? ಹೊರಗೆ ಕೂತ್ಕೊಳ್ಳಿ,” ಎಂದರು ವೀಕ್ಷಕರು.

ಹೊರಗೆ ಗಲಾಟೆಯಾಯಿತು. ಗಂಡಂದಿರೆಲ್ಲ ಒಂದಾದರು, ಆ ದಿನ ಎರಡು ಬಣಗಳು ಒಪ್ಪಿದ ಒಂದೇ ವಿಷಯ ಅದು. ಶಾಸಕರಿಗೆ ಫೋನು ಮಾಡುತ್ತೇವೆ ಎಂದರು, ಫೋನು ನನ್ನ ಬುಟ್ಟಿಯಲ್ಲಿತ್ತು. ವೀಕ್ಷಕರು ಬಾಗಿಲಿಗೆ ಚಿಲಕ ಹಾಕಿಸಿದರು.

ಚಿಲಕ ಬಿದ್ದ ಮೇಲೆ ಆ ಕೋಣೆಯಲ್ಲಿ ನಾನು ಕೇಳಿದ್ದನ್ನು ನಿರೀಕ್ಷಿಸಿರಲಿಲ್ಲ. ಯಜಮಾನರ ಹತ್ತಿರದ ನೆಂಟರ ಹೆಂಗಸೊಬ್ಬರು ಸೆರಗು ತಿರುವುತ್ತ ಕಾರ್ಮಿಕ ವಾರ್ಡಿನ ಆಕೆಯ ಹೆಸರು ಹೇಳಿದರು. ದೊಡ್ಡಮನೆಯ ಸೊಸೆ ಒಳ್ಳೆಯವಳೇ, ಆದರೆ ಸಹಿ ಮಾತ್ರ ಅವಳದು, ಕೈ ಭಾವನದು ಎಂದರು. ಇನ್ನೊಬ್ಬರು, ನನ್ನ ವಾರ್ಡಿನ ಅಂಗನವಾಡಿಗೆ ತಗಡು ಹಾಕಿಸಲು ನನ್ನ ಜೊತೆ ತಾಲ್ಲೂಕು ಕಚೇರಿಗೆ ಓಡಾಡಿದ್ದು ಆಕೆಯೇ ಎಂದರು. ಕಾಲುಚೀಲದಲ್ಲಿ ಫೋನು ಇಟ್ಟಿದ್ದವನು, ಯಜಮಾನನ ಸೊಕ್ಕು ಇಳಿಯೋದಾದ್ರೆ ಯಾರಾದ್ರೂ ಆಗ್ಲಿ ಎಂದು ಆಕೆಯ ಹೆಸರು ಹೇಳಿದ. ಒಬ್ಬ ಹೆದರಿಕೊಂಡು, ಮೇಲಿನವರು ಹೇಳಿದವರು ಎಂದ.

ದೊಡ್ಡಮನೆಯ ಸೊಸೆ ಒಳಗೆ ಬಂದು ಮೊದಲು ಬಾಗಿಲ ಚಿಲಕ ನೋಡಿದರು. ನಂತರ, “ನನ್ನ ಹೆಸರೇ ಬರ್ಕೊಳ್ಳಿ ಮೇಡಂ. ಬೇರೆ ಹೇಳಿದ್ರೆ ಹೆಂಗೋ ಮನೇಲಿ ಗೊತ್ತಾಗ್ಬಿಡುತ್ತೆ,” ಎಂದರು.

ಕೊನೆಗೆ ಕಾರ್ಮಿಕ ವಾರ್ಡಿನ ಆಕೆ. “ನನ್ನ ಹೆಸರ ನಾನ ಹೇಳೂದು ಚಂದ ಅಲ್ರಿ. ಆದ್ರ ಹೇಳೂದ ಐತಿ,” ಎಂದರು. ವೀಕ್ಷಕರು ಮೊದಲ ಸಲ ನಕ್ಕರು.

ಆಕೆಗೆ ಎಂಟು. ಸೊಸೆಗೆ ನಾಲ್ಕು. ಒಬ್ಬ ಎರಡೂ ಕಡೆ ಇಲ್ಲ.

ಹೊರಡುವಾಗ ವೀಕ್ಷಕರು ನನಗೊಂದು ಮಾತು ಹೇಳಿದರು: ಒಟ್ಟು ಎಷ್ಟೆಷ್ಟು ಎಂದು ವರದಿಯಲ್ಲಿ ಬರೆಯುತ್ತೇನೆ. ಯಾರು ಯಾರ ಹೆಸರು ಹೇಳಿದರೆಂಬುದು ನನ್ನ ಬಾಯಿಂದ ಬರುವುದಿಲ್ಲ, ನಿಮ್ಮ ಬಾಯಿಂದಲೂ ಬರಬಾರದು. ಈ ಹೆಂಗಸರು ಇದೇ ಗಂಡಂದಿರ ಜೊತೆ ಮನೆಗೆ ಹೋಗಬೇಕು. ನಾನು ಒಪ್ಪಿದೆ. ಆ ಮಾತನ್ನು ಆಮೇಲೆ ಎಷ್ಟು ವರ್ಷ ಗುರಾಣಿಯಂತೆ ಹಿಡಿದುಕೊಂಡೆ ಎಂಬುದು ನನಗೆ ಮಾತ್ರ ಗೊತ್ತು. ಒಟ್ಟು ಎಷ್ಟು ಎಂದು ಹೇಳಬೇಡಿ ಎಂದು ಅವರು ನನಗೆ ಹೇಳಿರಲಿಲ್ಲ.

ಸಂಜೆ ಶಾಸಕರ ಫೋನು ಬಂತು. ಯಜಮಾನರು ಅವರ ಮನೆಯಲ್ಲೇ ಕೂತಿದ್ದರಂತೆ.

“ಎಂಟು ಅನ್ನೋದು ಕಾಗದದ ಮೇಲೆ ಇರ್ಲಿ ಬಿಡು,” ಎಂದರು. “ಇವ್ರು ಎದ್ದೋದ್ರೆ ಹಳೇ ಊರೇ ಎದ್ದೋಗುತ್ತೆ. ಬಾಡಿಗೆಯೋರು ಇವತ್ ಇಲ್ಲಿ, ನಾಳೆ ಇನ್ನೆಲ್ಲೋ. ನೀನು ಬೆಳಗ್ಗೆ ಮೊದ್ಲು ಆಣೆ ಮುಗ್ಸು. ಆಮೇಲೆ ಹೆಸರು.”

ಪಕ್ಷದ ವಿಪ್ ಇದ್ದಾಗ ಆಣೆ ಏಕೆ ಎಂದು ಕೇಳುವವರಿಗೆ ಒಂದು ಮಾತು. ವಿಪ್ ಮುರಿದವರ ಮೇಲೆ ದೂರು ಕೊಡಬಹುದು, ಸದಸ್ಯತ್ವವೂ ಹೋಗಬಹುದು. ಆದರೆ ವಿಚಾರಣೆ, ವಕೀಲರು, ತಡೆಯಾಜ್ಞೆ ಎಂದು ಎಳೆದು ಎಳೆದು ಅದು ತೀರ್ಮಾನವಾಗುವಷ್ಟರಲ್ಲಿ ಅಧ್ಯಕ್ಷರ ಅವಧಿಯೇ ಮುಗಿದಿರುತ್ತದೆ. ಇದು ಎಲ್ಲ ಸದಸ್ಯರಿಗೂ ಗೊತ್ತು. ಹಾಗಾಗಿ ನಮ್ಮ ಕಡೆ ಕರ್ಪೂರ ಹಚ್ಚಿ ಆಣೆ ಮಾಡಿಸುವುದು ವಿಪ್ಪಿಗಿಂತ ಹಳೆಯ ಪದ್ಧತಿ. ಅದನ್ನೂ ಬಹಳ ಜನ ಮುರಿಯುತ್ತಾರೆ. ಯಾರು ಮುರಿಯುವುದಿಲ್ಲ ಎಂದು ತಿಳಿದಿಟ್ಟುಕೊಳ್ಳುವುದು ನನ್ನಂಥವನ ಕಸುಬು.

ಆಕೆ ಆಣೆ ಮಾಡದಿದ್ದರೆ ಎಂದು ನಾನು ಕೇಳಿದೆ.

“ಅವಳಿಗೆ ನಿನ್ ಮೇಲೆ ನಂಬಿಕೆ ಐತಲ್ವಾ? ಅದನ್ನ ನೀನು ನೋಡ್ಕೋ.”

ಬೆಳಿಗ್ಗೆ ಬ್ಲಾಕ್ ಅಧ್ಯಕ್ಷರಿಗೂ ವಿಷಯ ಗೊತ್ತಾಗಿತ್ತು. ಹಿಂದಿನ ದಿನದವರೆಗೆ ಬಾಟಲಿ ಎಸೆಯುತ್ತಿದ್ದವರು ಈಗ ಹುಲ್ಲಿನ ಮೇಲೆ ಒಬ್ಬರೇ ಅಡ್ಡಾಡುತ್ತಿದ್ದರು. ಅವರಿಗೆ ಬೇರೇನೋ ಸಿಕ್ಕಿರಬೇಕು. ನಾನು ಕೇಳಲಿಲ್ಲ, ಅವರು ನನ್ನ ಮುಖ ನೋಡಲಿಲ್ಲ.

ಯಜಮಾನರು ಹಿತ್ತಾಳೆ ತಟ್ಟೆ, ದೇವರ ಪಟ, ಕರ್ಪೂರ ತಂದಿದ್ದರು. ಊಟದ ಹಾಲಿನಲ್ಲಿ ಮೇಜು ಒರೆಸಿ ಪಟ ಇಟ್ಟೆವು. ಹೇಳಬೇಕಾದ ವಾಕ್ಯ ನಾನೇ ಬರೆದದ್ದು: ಪಕ್ಷ ಯಾರ ಹೆಸರು ಹೇಳಿದರೂ ಅವರಿಗೇ ಕೈ ಎತ್ತುತ್ತೇನೆ. ಒಬ್ಬೊಬ್ಬರಾಗಿ ಬಂದು ಜ್ವಾಲೆಯ ಮೇಲೆ ಅಂಗೈ ಆಡಿಸಿ ಹೇಳಿ ಹೋದರು. ಕಿರಿಯ ಸದಸ್ಯ ನನ್ನ ಕಿವಿಯಲ್ಲಿ, “ಆಣೆ ಅಂದ್ರೆ ಪ್ಲಾಸ್ಟಿಕ್ ಲೋಟ ಇದ್ದಂಗೆ ಗುರು, ಒಂದ್ಸಲ ಕುಡ್ದು ಬಿಸಾಕೋದು,” ಎಂದ. ಹೋದ ವಾರ ಎದುರು ಪಕ್ಷದವರ ಮುಂದೆಯೂ ಒಂದು ಲೋಟ ಕುಡಿದು ಬಂದಿದ್ದನಂತೆ.

ಆಕೆಯ ಸರದಿ ಬಂದಾಗ ಆಕೆ ಕೈ ಚಾಚಲಿಲ್ಲ.

“ಹೆಸರ ಮೊದಲ ಹೇಳ್ರಿ. ಆಮ್ಯಾಲೆ ಆಣಿ ಮಾಡ್ತೀನಿ.”

“ನೋಡಿ, ಮನಸಲ್ಲೇ ಕಳ್ಳತನ ಐತೆ,” ಎಂದರು ಯಜಮಾನರು. “ಎಲ್ರೂ ಮಾಡವ್ರೆ, ಇವಳಿಗೇನು ರೋಗ? ಎದುರು ಪಕ್ಷದೋರ ಜೊತೆ ಮಾತಾಡ್ಕಂಡವಳೆ.”

“ನಾ ಮಾತಾಡಿದ್ರ ನಿಮ್ಮ ಎದರಿಗೇ ಮಾತಾಡ್ತೀನ್ರಿ. ನಾ ಆಣಿ ಮಾಡಿದ್ರ ಮುರಿಯಾಕಿ ಅಲ್ಲ. ಅದಕ್ಕ ಕೇಳಾಕತ್ತೀನಿ.”

ಗಂಡಂದಿರು ಗುಂಪಾಗಿ ಬೈಯಲು ಶುರು ಮಾಡಿದರು. ಒಬ್ಬ ಆಡಿದ ಬೈಗುಳವನ್ನು ಬರೆಯಲಾರೆ. ಆಕೆ ನನ್ನನ್ನು ಅಡುಗೆಮನೆಯ ಬಾಗಿಲ ಕಡೆ ಕರೆದರು. ಒಳಗೆ ಇಡ್ಲಿ ಪಾತ್ರೆ ಉಗಿ ಬಿಡುತ್ತಿತ್ತು.

“ಅಣ್ಣಾರ, ನಿನ್ನೆ ಒಳಗ ನೀವ ಇದ್ರಿ. ಯಾರ ಹೆಸರ ಯಾರ ಹೇಳಿದ್ರಂತ ನಾ ಕೇಳೂದಿಲ್ಲ. ಇಷ್ಟ ಹೇಳ್ರಿ, ನಾ ಆಣಿ ಮಾಡಲೇನು?”

ಈ ಪ್ರಶ್ನೆಗೆ ಮೂರು ಉತ್ತರಗಳಿದ್ದವು. ಬೇಡ ಎನ್ನಬಹುದಿತ್ತು. ನನಗೆ ಗೊತ್ತಿಲ್ಲ ಎನ್ನಬಹುದಿತ್ತು. ನಾನು ಹೇಳಿದ್ದು, “ಮಾಡಿ ತಾಯಿ. ನಿಮಗೆ ಒಳ್ಳೇದೇ ಆಗುತ್ತೆ.”

ಶಾಸಕರ ಅಪ್ಪಣೆಯಿಂದ ಹೇಳಿದೆ ಎಂದರೆ ಅರ್ಧ ಸುಳ್ಳು. ಅಪ್ಪಣೆ ಇತ್ತು. ಆದರೆ ಆ ಗಳಿಗೆಯಲ್ಲಿ ನನ್ನ ಮನಸ್ಸಿನಲ್ಲಿದ್ದದ್ದು ಕಚೇರಿ ಬಾಗಿಲಿನ ಖಾಲಿ ಕೊಡಗಳು. ನಮ್ಮ ಹೊಲ ಹೋಯಿತು, ನಮ್ಮ ಕೆರೆ ಹೋಯಿತು, ಈಗ ನಮ್ಮ ಪುರಸಭೆಯ ಕುರ್ಚಿಯ ಮೇಲೆ ಆ ಕಡೆಯವಳು ಕೂರಬೇಕೇ ಎಂಬ ಮಾತು ಯಜಮಾನರ ಬಾಯಲ್ಲಿತ್ತು, ನನ್ನ ಹೊಟ್ಟೆಯಲ್ಲಿತ್ತು. ಹೊಲ ಮಾರಿದವರು ನಾವೇ. ಕೆರೆಗೆ ಮಣ್ಣು ಹೊಡೆದವರೂ ನಾವೇ. ಅದು ಆಗ ನೆನಪಿಗೆ ಬರಲಿಲ್ಲ.

ಆಕೆ ಚಪ್ಪಲಿ ಬಿಟ್ಟರು. ಕೈ ತೊಳೆದು ಬಂದರು. ಉಳಿದವರಂತೆ ಅಂಗೈ ಆಡಿಸಲಿಲ್ಲ. ಜ್ವಾಲೆಯ ಮೇಲೆ ಹಿಡಿದುಕೊಂಡು, ನಾನು ಬರೆದ ವಾಕ್ಯವನ್ನು ನಿಧಾನವಾಗಿ ಹೇಳಿ, “ನಮ್ಮೂರ ದ್ಯಾಮವ್ವನ ಆಣಿ, ನನ್ನ ಮಗಳ ಆಣಿ,” ಎಂದು ಸೇರಿಸಿದರು. ಅದನ್ನು ನಾನು ಬರೆದಿರಲಿಲ್ಲ.

ಕರ್ಪೂರ ಆರುವ ಮೊದಲೇ ಬ್ಲಾಕ್ ಅಧ್ಯಕ್ಷರ ಕೈಗೆ ನನ್ನ ಫೋನು ಕೊಟ್ಟೆ. ಶಾಸಕರು ಹೇಳಿದ ಹೆಸರನ್ನು ಅವರು ಓದುವವರಂತೆ ಹೇಳಿದರು: ದೊಡ್ಡಮನೆಯ ಸೊಸೆ.

ಯಾರೋ ಸಿಳ್ಳೆ ಹಾಕಿದರು. ಗಂಡಂದಿರಲ್ಲೊಬ್ಬ ತನ್ನ ಹೆಂಡತಿಯ ಭುಜ ತಟ್ಟಿ, ನಾನು ಹೇಳಿರ್ಲಿಲ್ವಾ ಎಂದ. ಆ ಹೆಂಗಸು ಹಿಂದಿನ ದಿನ ಯಾರ ಹೆಸರು ಹೇಳಿದ್ದರೆಂದು ನನಗೆ ಗೊತ್ತು. ಅವರು ತಲೆ ತಗ್ಗಿಸಿದರು. ಎಂಟು ಜನ ಆ ಹಾಲಿನಲ್ಲಿದ್ದರು, ಎಂಟೂ ಜನ ತಾವೊಬ್ಬರೇ ಆಕೆಯ ಹೆಸರು ಹೇಳಿದ್ದೆಂದು ನಂಬಿ ಸುಮ್ಮನಾದರು. ಅವರು ಎಂಟು ಜನವೆಂದು ಕಿವಿಯಾರೆ ಕೇಳಿ ಗೊತ್ತಿದ್ದವನು ಅಲ್ಲಿ ನಾನೊಬ್ಬ.

ಆಕೆ ನನ್ನ ಕಡೆ ತಿರುಗಿ, ಬೈಯದೆ, “ಹಂಗಾರ ನನಗ ಮಂದಿ ಇರಲಿಲ್ಲೇನ್ರಿ ಅಣ್ಣಾರ,” ಎಂದರು. ನಾನು ಕರ್ಪೂರದ ತಟ್ಟೆ ಎತ್ತಿಕೊಂಡು ಒಳಗೆ ಹೋದೆ.

ಪುರಸಭೆಗೆ ಹಿಂತಿರುಗುವ ಬಸ್ಸಿನಲ್ಲಿ ಫೋನುಗಳನ್ನು ವಾಪಸು ಕೊಡಬೇಕಾಯಿತು, ಇಲ್ಲದಿದ್ದರೆ ಚುನಾವಣಾಧಿಕಾರಿಯ ಮುಂದೆ ಅಪಹರಣ ಎಂದು ಎದುರು ಪಕ್ಷದವರು ದೂರು ಕೊಡುತ್ತಾರೆ. ತಲಘಟ್ಟಪುರ ದಾಟುವಷ್ಟರಲ್ಲಿ ಆಕೆಯ ಫೋನು ರಿಂಗಾಯಿತು. ನಾನು ಮುಂದಿನ ಸೀಟಿನಲ್ಲಿದ್ದೆ. ಎದುರು ಪಕ್ಷದ ಮುಖಂಡನ ಧ್ವನಿ ನನಗೂ ಕೇಳುವಷ್ಟು ಜೋರಾಗಿತ್ತು. ನೀವು ಇನ್ನೊಬ್ಬರನ್ನು ಕರೆದುಕೊಂಡು ಬನ್ನಿ, ಅಧ್ಯಕ್ಷರು ನೀವೇ, ನಾವು ಹತ್ತೂ ಜನ ನಿಮಗೇ ಕೈ ಎತ್ತುತ್ತೇವೆ, ಮೊದಲ ಸಭೆಯಲ್ಲೇ ಕೊಳವೆಯ ಕಡತ ತೆಗೆಯೋಣ ಎಂದ.

ಪಕ್ಕದಲ್ಲಿ ಅಂಗನವಾಡಿಯ ತಗಡಿನ ಮಾತು ಹೇಳಿದ್ದ ಸದಸ್ಯೆ ಕೂತಿದ್ದರು. ಅವರ ಗಂಡ ಹಿಂದಿನ ಕಾರಿನಲ್ಲಿದ್ದ. “ಇಳಿಯೋಣ ಅಕ್ಕ,” ಎಂದರು ಮೆಲ್ಲಗೆ. “ನಾನೂ ಬತ್ತೀನಿ. ಸಿಗ್ನಲ್‌ನಾಗೆ ಇಳ್ದುಬಿಡಾನ. ಇಂಥೋರಿಗೆ ಇಂಗೇ ಆಗ್ಬೇಕು.”

“ಆಣಿ ಮಾಡೇನವ್ವಾ.”

“ಅವ್ರು ಮೋಸ ಮಾಡವ್ರೆ ಅಕ್ಕ. ಮೋಸದ ಆಣೆ ಆಣೆನಾ?”

“ಮೋಸ ಆಗೇತಂತ ಯಾರ ಹೇಳ್ಯಾರ? ಮಂದಿ ಆಕಿ ಹೆಸರ ಹೇಳಿದ್ರ ಆಕೀನ ಅಧ್ಯಕ್ಷಿ. ಮೋಸ ಆಗಿದ್ರ ಅಣ್ಣಾರು ಹೇಳ್ತಿದ್ರು.”

ಇಷ್ಟು ಹೇಳಿ ಆಕೆ ನನ್ನ ತಲೆಯ ಹಿಂಭಾಗವನ್ನು ನೋಡುತ್ತ ಕಾದರು ಎಂದು ನಾನು ಈಗಲೂ ನಂಬಿದ್ದೇನೆ. ತಿರುಗಿದ್ದರೆ ಸಾಕಿತ್ತು. ಎಂಟು ಎಂದಿದ್ದರೆ ಸಾಕಿತ್ತು. ಯಾರ ಗುಟ್ಟೂ ಒಡೆಯುತ್ತಿರಲಿಲ್ಲ. ಸಿಗ್ನಲ್ ಬಂತು, ಕೆಂಪಿತ್ತು, ಬಹಳ ಹೊತ್ತು ಕೆಂಪೇ ಇತ್ತು. ನಾನು ಹೊರಗೆ ಒಂದು ಗ್ರಾನೈಟ್ ಅಂಗಡಿಯ ಬೋರ್ಡು ಓದುತ್ತ ಕೂತೆ.

ಪುರಸಭೆ ಬಾಗಿಲಲ್ಲಿ ಪೊಲೀಸರು, ಎರಡೂ ಪಕ್ಷದ ಹುಡುಗರು, ಪರಸ್ಪರ ತಾಯಿ ತಂಗಿಯರನ್ನು ಎಳೆದು ಕೂಗಾಟ. ತಹಸೀಲ್ದಾರರು ಚುನಾವಣಾಧಿಕಾರಿ. ನಾಮಪತ್ರಕ್ಕೆ ಒಬ್ಬರು ಸೂಚಕರು, ಒಬ್ಬರು ಅನುಮೋದಕರು ಬೇಕು. ಪಕ್ಷ ಒಂದಾಗಿದೆ ಎಂದು ಪತ್ರಿಕೆಯವರಿಗೆ ತೋರಿಸಲು ಸೂಚಕರಾಗಿ ಆಕೆಯೇ ಸಹಿ ಮಾಡಬೇಕೆಂದು ಯಜಮಾನರು ಪಟ್ಟು ಹಿಡಿದರು. ಕೈ ಎತ್ತುವುದಕ್ಕಷ್ಟೇ ಆಣೆ, ಸಹಿಗೆ ಆಣೆ ಇಲ್ಲ ಎಂದು ನಾನು ಹೇಳಬಹುದಿತ್ತು, ವಾಕ್ಯ ನನ್ನದೇ. ಹೇಳಲಿಲ್ಲ. ಪೆನ್ನು ಕೊಟ್ಟೆ.

ಕೈ ಎತ್ತಿಸಿದಾಗ ನಮ್ಮ ಸದಸ್ಯರ ಹದಿಮೂರೂ ಕೈ ಮೇಲೆ ಹೋದವು, ಪ್ಲಾಸ್ಟಿಕ್ ಲೋಟದವನದೂ. ಪಟಾಕಿ ಹೊಡೆದರು. ಶಾಸಕರು ನನ್ನ ಬೆನ್ನು ತಟ್ಟಿದರು. ಬಹಳ ವರ್ಷಗಳಿಂದ ಆ ಕೈಗೆ ಕಾದಿದ್ದೆ.

ಆಮೇಲಿನದು ಬೇಗ ಆಯಿತು. ಸೂಚಕಿಯಾಗಿ ಆಕೆ ಸಹಿ ಮಾಡುತ್ತಿರುವ ವಿಡಿಯೋ ಸಂಜೆಯೊಳಗೆ ಆಕೆಯ ವಾರ್ಡಿನ ಎಲ್ಲ ಫೋನಿಗೂ ಹೋಗಿತ್ತು. ರೊಕ್ಕಾ ತಿಂದ ಕೈ ಎತ್ಯಾಳ ಎಂಬ ಮಾತು ಹುಟ್ಟಿತು. ಹುಟ್ಟಿಸಿದವರು ಯಜಮಾನರ ಹುಡುಗರು. ನಂಬಿದವರು ಆಕೆಯ ಜನ. ಯಾರನ್ನು ಗೆಲ್ಲಿಸಲು ಹೆಂಗಸರು ಅರ್ಧ ದಿನದ ಕೂಲಿ ಬಿಟ್ಟು ಸಾಲಿನಲ್ಲಿ ನಿಂತಿದ್ದರೋ ಅವರ ಖಾನಾವಳಿಯ ಮುಂದೆ ಅದೇ ಹೆಂಗಸರು ಖಾಲಿ ಕೊಡ ಕುಕ್ಕಿ ಶಾಪ ಹಾಕಿದರು. ಊಟಕ್ಕೆ ಬರುವವರು ನಿಂತರು. ಯಜಮಾನರು ಖೋಲಿ ಬಿಡಿಸಿದರು. ತನ್ನ ವಾರ್ಡಿನಿಂದಲೇ ಹೊರಬಿದ್ದ ಆಕೆ ಕೊನೆಯ ವರ್ಷ ಸಭೆಗಳಿಗೂ ಬರಲಿಲ್ಲ. ಕೊಳವೆ ಮೋರಿ ದಾಟಲಿಲ್ಲ. ಕಡತ ಒಮ್ಮೆಯೂ ಚರ್ಚೆಗೆ ಬರಲಿಲ್ಲ ಎಂದು ನನಗೆ ಗೊತ್ತು, ಸಭೆಯ ವಿಷಯ ಸೂಚಿ ಸಿದ್ಧಪಡಿಸುವಾಗ ಅಧ್ಯಕ್ಷೆಯ ಭಾವನ ಪಕ್ಕದಲ್ಲಿ ನಾನೂ ಕೂರುತ್ತಿದ್ದೆ.

ಆ ದಿನಗಳಲ್ಲಿ ನಾನು ಒಂದು ಸಲ ಆ ವಾರ್ಡಿಗೆ ಹೋಗಿ, ಆಕೆ ದುಡ್ಡು ತಿಂದಿಲ್ಲ, ಆಣೆಗೆ ಕಟ್ಟುಬಿದ್ದು ಕೈ ಎತ್ತಿದ್ದು ಎಂದು ಹೇಳಿದ್ದರೆ ಸಾಕಿತ್ತು. ಮೋರಿಯ ಸೇತುವೆಯವರೆಗೆ ಎರಡು ಸಲ ಹೋಗಿ ವಾಪಸು ಬಂದೆ. ಹೆದರಿಕೆಯಲ್ಲ. ಹಾಗೆ ಹೇಳಿದರೆ, ಆಣೆ ಮಾಡಿಸಿದವರು ಯಾರು ಎಂದು ಅವರು ಕೇಳುತ್ತಾರೆ.

ಕಳೆದ ವರ್ಷ ಆಕೆ ಪೀಣ್ಯದ ಕಡೆ, ಜಾಲಹಳ್ಳಿ ಕ್ರಾಸ್ ಆಚೆ, ಮತ್ತೆ ಖಾನಾವಳಿ ಇಟ್ಟಿದ್ದಾರೆ ಎಂದು ಯಾರೋ ಹೇಳಿದರು. ಕ್ಷಮೆ ಕೇಳಿ ಬರುತ್ತೇನೆಂದು ಗಟ್ಟಿ ಮಾಡಿಕೊಂಡು ಹೋದೆ. ಮೆಟ್ರೋ ಇಳಿದು ಕೇಳುತ್ತ ಹೋದರೆ, ಲೇತ್ ಅಂಗಡಿಗಳ ನಡುವೆ ಸಣ್ಣ ಜಾಗ. ಆಕೆಗೆ ಕೂದಲು ಬೆಳ್ಳಗಾಗಿದೆ. ನನ್ನನ್ನು ಕಂಡ ಕೂಡಲೇ ಗುರುತು ಹಿಡಿದು, ಅಣ್ಣಾರ ಬಂದ್ರಿ ಎಂದು ಮಗಳನ್ನು ಕರೆದು ಹೇಳಿದರು. ಮಗಳು ನನ್ನನ್ನು ನೋಡಿದ ರೀತಿಯಲ್ಲಿ ಯಾವ ಸಂಬಂಧವೂ ಇರಲಿಲ್ಲ. ಅವಳು ತಟ್ಟೆ ಇಟ್ಟು ಒಳಗೆ ಹೋದಳು.

ರೊಟ್ಟಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ ಬಡಿಸಿದರು. ನಾನು ತಿಂದೆ. ಹೇಳಬೇಕಾದ ಮಾತು ಪ್ರತಿ ತುತ್ತಿಗೂ ಹಿಂದೆ ಹೋಗುತ್ತಿತ್ತು. ಮಧ್ಯಾಹ್ನದ ಗಿರಾಕಿ ಕಡಿಮೆಯಾದ ಮೇಲೆ ಆಕೆಯೇ ಎದುರು ಬಂದು ಕೂತರು.

“ಒಂದ ಮಾತ ಕೇಳತೀನ್ರಿ, ಈಗ ಯಾರಿಗೂ ಏನೂ ಆಗೂದಿಲ್ಲ. ಅವತ್ತ ಒಳಗ ನನ್ನ ಹೆಸರ ಯಾರರ ಹೇಳಿದ್ರೇನ್ರಿ? ನನ್ನ ಬಿಟ್ಟ ಒಬ್ಬರರ?”

“ಬಹಳ ವರ್ಷ ಆಯ್ತಲ್ಲಮ್ಮ,” ಎಂದೆ. “ಮರೆತುಹೋಗಿದೆ.”

ಆಕೆ ತಲೆಯಾಡಿಸಿದರು. “ಇರಲಿ ಬಿಡ್ರಿ. ಮಂದಿಗೆ ಬ್ಯಾಡಾಗಿದ್ದೆ,” ಎಂದು ತಟ್ಟೆ ಎತ್ತಿಕೊಂಡು ಹೋದರು. ನಾನು ಕೈ ತೊಳೆದು ಬಂದುಬಿಟ್ಟೆ.

ಇದು ಪ್ರಕಟವಾದರೆ ಆಕೆ ಓದಲಾರರು, ಸಹಿ ಬಿಟ್ಟರೆ ಅಕ್ಷರ ಬರುವುದಿಲ್ಲ. ಮಗಳು ಓದಿಯಾಳು. ಓದಿ ಹೇಳಲಿ. ನಾನು ಮರೆತಿಲ್ಲ. ಆ ಚಿಲಕ ಹಾಕಿದ ಕೋಣೆಯಲ್ಲಿ, ಗಂಡಂದಿರು ಹೊರಗೆ ಬಾಗಿಲು ಬಡಿಯುತ್ತಿದ್ದಾಗ, ಹದಿಮೂರು ಜನರಲ್ಲಿ ಎಂಟು ಜನ ಒಬ್ಬರ ಹಿಂದೊಬ್ಬರು ಬಂದು ಹೇಳಿದ ಹೆಸರು ಒಂದೇ: ಫಕೀರವ್ವ.